ಮಂದ್ರಕ್ಕೊಂದು ದೀಪ



ನಮ್ಮ ನುಡಿಯಲ್ಲಿ ಕಿವಿಗೂ ಕಣ್ಣಿಗೂ ಬಹು ಹಿಂದಿನಿಂದ ಕೊಡುಕೊಳೆ ನಡೆದು ಬಂದಿದೆ. ‘ರಾಗ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅದರ ಮೂಲಧಾತುವಿಗೆ ಬಣ್ಣ ಹಿಡಿಸು ಎಂಬ ಅರ್ಥವುಂಟು. ಬಟ್ಟೆಗೆ ಬಣ್ಣ ಹಿಡಿಸಿದಂತೆ ಮನಸ್ಸಿಗೆ ಬಣ್ಣ ಹಿಡಿಸುವುದರಿಂದ ಅದು ರಾಗ. ‘ವರ್ಣ’ವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು, ಕಚೇರಿಯ ಮೊದಲಿಗೆ ಹಾಡುವ ರಚನೆಯೂ ಹೌದು, ನಾವು ದಿನಬಳಕೆಯಲ್ಲಿ ‘ಬಣ್ಣ’ ಎನ್ನುವುದು ಅದೇ ಶಬ್ದದ ತದ್ಭವ. ನಮ್ಮ ವೈಯಾಕರಣ ಕೇಶಿರಾಜನಂತೂ ಹದಿಮೂರನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಬಣ್ಣ ಬಿಳಿ ಎಂದೇ ಹೇಳಿಬಿಟ್ಟಿದ್ದಾನೆ. ದೇಹವೇ ವಾದ್ಯ, ನಾಲಗೆಯೇ ಅದನ್ನು ನುಡಿಸುವ ಕೋಲು, ನುಡಿಸುವವನು ಆತ್ಮ, ಹುಟ್ಟುವ ಶಬ್ದ ಧವಳವರ್ಣದ್ದು: ಇದು ಅವನ ಎಣಿಕೆ. ತರಗತಿಯಲ್ಲಿ ಈ ಕಂದಪದ್ಯವನ್ನು ಪಾಠ ಹೇಳಿದ ವರ್ಷಗಳಲ್ಲೆಲ್ಲ ಹಿಂದಿನ ಬೆಂಚಿನಿಂದ ಒಬ್ಬನಾದರೂ ಎದ್ದು, “ಶಬ್ದಕ್ಕೆ ಬಣ್ಣ ಎಲ್ಲಿಂದ ಬಂತು ಸಾರ್?” ಎಂದು ಕೇಳುತ್ತಿದ್ದ. ಜೈನದರ್ಶನದ ಪ್ರಕಾರ ಶಬ್ದವೂ ಪುದ್ಗಲವೇ, ಪುದ್ಗಲವೆಂದ ಮೇಲೆ ಅದಕ್ಕೆ ವರ್ಣ ಇರಲೇಬೇಕು ಎಂದು ನಾನು ಉತ್ತರಿಸುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ನಂಬುತ್ತಿದ್ದರೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಆದರೆ ಇಂದು ನಾನು ಹೇಳಹೊರಟಿರುವುದು ವ್ಯಾಕರಣವನ್ನಲ್ಲ. ಒಂದು ಎಲೆಕ್ಟ್ರಿಕ್ ಬೇಸ್ ಗಿಟಾರಿಗೆ ಬಣ್ಣ ಬದಲಿಸುವ ಎಲ್‌ಇಡಿ ದೀಪವನ್ನು ಜೋಡಿಸಿದ ಸಂಗತಿಯನ್ನು. ಕಣ್ಣಿಗೆ ಕಾಣಬೇಕಾದ ಬೆಳಕಿನ ಮಾತನ್ನು ಬಾನುಲಿಯಲ್ಲಿ ಆಡುವುದು ವಿಚಿತ್ರವೆಂದು ನೀವು ನಗಬಹುದು. ಆದರೆ ನಮ್ಮ ಕಾಲದ ಬಾನುಲಿ ಪೆಟ್ಟಿಗೆಗೂ ಒಂದು ಕಣ್ಣಿತ್ತೆಂಬುದನ್ನು ಹಿರಿಯರು ಮರೆತಿರಲಾರರು. ವಾಲ್ವು ರೇಡಿಯೊದ ಮುಖದ ಮೇಲೆ ಹಸಿರಾಗಿ ಹೊಳೆಯುವ ಒಂದು ಕೊಳವೆ. ತಿರುಗುಣಿಯನ್ನು ತಿರುಗಿಸುತ್ತ ಹೋದಂತೆ ನಿಲಯ ಸರಿಯಾಗಿ ಸಿಕ್ಕಾಗ ಅದರ ನೆರಳು ಕಿರಿದಾಗಿ ಹಸಿರು ಒಂದುಗೂಡುತ್ತಿತ್ತು. ಆ ಬೆಳಕು ಅಲಂಕಾರಕ್ಕೆ ಇಟ್ಟದ್ದಲ್ಲ. ಕಿವಿಗೆ ಇನ್ನೂ ಖಚಿತವಾಗದ ಒಂದು ಸಂಗತಿಯನ್ನು ಅದು ಕಣ್ಣಿಗೆ ಹೇಳುತ್ತಿತ್ತು. ಮುಂದೆ ನಾನು ಹೇಳಲಿರುವ ವಾಗ್ವಾದಕ್ಕೆಲ್ಲ ಆ ಹಸಿರು ಕಣ್ಣೇ ನನ್ನ ಅಳತೆಗೋಲು.

ಗಿಟಾರು ನನ್ನ ತಮ್ಮನದು. ಅವನು ಹಗಲು ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ, ಶನಿವಾರ ಭಾನುವಾರಗಳಲ್ಲಿ ಬೆಂಗಳೂರಿನ ಗೆಳೆಯರ ತಂಡವೊಂದರಲ್ಲಿ ಬೇಸ್ ನುಡಿಸುತ್ತಿದ್ದ. 1980ರ ದಶಕದ ಮಾತು. ಹೊರದೇಶದ ವಾದ್ಯ ಕೈಗೆಟುಕುವಂತಿರಲಿಲ್ಲವಾಗಿ, ಇಲ್ಲಿಯೇ ತಯಾರಾದ, ಅಮೆರಿಕದ ಫೆಂಡರ್ ಮಾದರಿಯನ್ನು ಹೋಲುವ ಒಂದನ್ನು ಕೊಂಡಿದ್ದ. ಮದುವೆಯಾದ ಮೇಲೂ ಏಳೆಂಟು ವರ್ಷ ನುಡಿಸಿದ. ಆಮೇಲೆ ಅದು ಬೀರುವಿನ ಮೇಲೆ ಹತ್ತಿ ಕುಳಿತಿತು. 2021ರಲ್ಲಿ ತಮ್ಮ ತೀರಿಕೊಂಡ. ಅವನ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಅದನ್ನು ಕೆಳಗಿಳಿಸಿ, ಹೊಸ ತಂತಿ ಕಟ್ಟಿ, ಕಾಲೇಜಿನ ತಂಡದಲ್ಲಿ ನುಡಿಸಲು ತೊಡಗಿದ. ಇಲ್ಲಿಯವರೆಗೆ ಮನೆಯಲ್ಲಿ ಎಲ್ಲರಿಗೂ ಸಂತೋಷ. ಅದಕ್ಕೆ ಬಣ್ಣದ ದೀಪ ಹಾಕುತ್ತೇನೆಂದು ಅವನು ಹೊರಟಾಗ ತಕರಾರು ಹುಟ್ಟಿತು.

ತಕರಾರಿಗೆ ಬರುವ ಮುನ್ನ ಈ ವಾದ್ಯದ ಬಗ್ಗೆ ನಾಲ್ಕು ಮಾತು. ಪಾಶ್ಚಾತ್ಯ ಮೇಳಗಳಲ್ಲಿ ಮಂದ್ರದ ಹೊಣೆ ಹೊತ್ತಿದ್ದದ್ದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಡ್ರಮ್ಮಿನ ಹೊಡೆತ, ವಿದ್ಯುತ್ ಗಿಟಾರಿನ ಅಬ್ಬರಗಳ ನಡುವೆ ಅದರ ದನಿ ಕೇಳಿಸದಾಯಿತು. ಹೊತ್ತು ತಿರುಗುವುದೂ ಕಷ್ಟ. ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ‘ಪ್ರಿಸಿಷನ್ ಬೇಸ್’ ಈ ತೊಡಕಿಗೆ ದೊರೆತ ಯಶಸ್ವಿಯಾದ ಪರಿಹಾರ. ಅದಕ್ಕೂ ಮೊದಲು 1930ರ ದಶಕದಲ್ಲಿಯೇ ಸಿಯಾಟಲ್ಲಿನ ಪಾಲ್ ಟುಟ್‌ಮಾರ್ಕ್ ಎಂಬಾತ ಇಂಥದೊಂದನ್ನು ಮಾಡಿದ್ದನಾದರೂ ಅದು ಹರಡಲಿಲ್ಲ. ನಮ್ಮ ವೀಣೆಗೆ ಇರುವಂತೆ ಫೆಂಡರನ ವಾದ್ಯಕ್ಕೂ ಮೆಟ್ಟಿಲುಗಳುಂಟು. ಮೆಟ್ಟಿಲುಗಳಿಂದಾಗಿ ಸ್ವರ ಕರಾರುವಾಕ್ಕಾಗಿ ನಿಲ್ಲುವುದರಿಂದಲೇ ಆ ಹೆಸರು. ತಂತಿ ನಾಲ್ಕು. ಎಲ್ಲಕ್ಕಿಂತ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಗಿಂತ ಕೆಳಗಿನದನ್ನು ನಾದವಾಗಿ ಹಿಡಿಯಲಾರದು ಎಂಬುದನ್ನು ನೆನೆದರೆ ಈ ತಂತಿ ಎಷ್ಟು ಕೆಳಗಿನ ನೆಲಮಾಳಿಗೆಯಲ್ಲಿ ವಾಸಿಸುತ್ತದೆಂಬುದು ತಿಳಿದೀತು. ತಂತಿಯ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಅದರೆದುರು ಅದುರಿದರೆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆ ಸಣ್ಣದನ್ನು ಆಂಪ್ಲಿಫೈಯರು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಇಷ್ಟೇ ಗುಟ್ಟು.

ಇನ್ನೊಂದು ಗುಟ್ಟು ಈ ಕಥೆಗೆ ಮುಖ್ಯವಾದದ್ದು. ಸೆಕೆಂಡಿಗೆ 41 ಕಂಪನದ ನಾದವನ್ನು ಅಂಗೈಯಗಲದ ಸ್ಪೀಕರು ಹೊರಡಿಸಲಾರದು. ನೀವು ಈಗ ನನ್ನ ಮಾತು ಕೇಳುತ್ತಿರುವ ಪೆಟ್ಟಿಗೆಯಲ್ಲಿ ಬೇಸ್ ಗಿಟಾರನ್ನು ಕೇಳಿದಿರೆಂದು ಇಟ್ಟುಕೊಳ್ಳಿ. ಅಲ್ಲಿ ಬರುವುದು ಆ ನಾದದ ಮೇಲಿನ ಅನುಸ್ವರಗಳು ಮಾತ್ರ. ತಳದ ನಾದವನ್ನು ನಿಮ್ಮ ಮೆದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಅಭ್ಯಾಸವಿಲ್ಲದ ಕಿವಿಗೆ ಆ ಅನುಸ್ವರಗಳೂ ಉಳಿದ ವಾದ್ಯಗಳ ಗದ್ದಲದಲ್ಲಿ ಮುಳುಗಿಹೋಗುತ್ತವೆ. ದೊಡ್ಡ ಸಭಾಂಗಣದಲ್ಲಾದರೋ ಎದೆಗೆ ತಟ್ಟುತ್ತದೆ, ಆದರೆ ಯಾರು ತಟ್ಟಿದರೆಂದು ತಿಳಿಯುವುದಿಲ್ಲ. ತಂಬೂರಿಯಂತೆ ಅದು ನಿಂತಾಗ ಮಾತ್ರ ಇಷ್ಟು ಹೊತ್ತು ಇತ್ತೆಂಬುದು ಗೊತ್ತಾಗುತ್ತದೆ.

ತಮ್ಮನ ಹೆಂಡತಿಗೆ ಆಗಿದ್ದೂ ಇದೇ. ಗಂಡನ ತಂಡದವರು 1989ರಲ್ಲಿ ಧ್ವನಿಮುದ್ರಿಸಿಕೊಂಡ ಒಂದು ಕ್ಯಾಸೆಟ್ ಮನೆಯಲ್ಲಿತ್ತು. ಅಡುಗೆಮನೆಯ ಗೂಡಿನಲ್ಲಿದ್ದ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಅದನ್ನು ಅವಳು ಎಷ್ಟು ಸಲ ಹಾಕಿದ್ದಾಳೋ ಲೆಕ್ಕವಿಲ್ಲ. “ಹಾಡುವವರು ಕೇಳಿಸುತ್ತಾರೆ, ಡ್ರಮ್ಮಿನವರು ಕೇಳಿಸುತ್ತಾರೆ, ಇವರು ಯಾವುದು ಬಾರಿಸಿದ್ದು ಅನ್ನುವುದು ನನಗೆ ಒಂದು ದಿನವೂ ತಿಳಿಯಲಿಲ್ಲ ಭಾವನವರೇ” ಎಂದು ಅವಳು ನನ್ನೊಡನೆ ಒಮ್ಮೆ ಹೇಳಿದಳು. ತಮ್ಮ ಹೋದ ವರ್ಷ ತುಂಬಿದ ಮೇಲೆ ಹೇಳಿದ ಮಾತು. ಕೇಳಲು ಈಗ ಅವನೂ ಇಲ್ಲ.

ಇನ್ನು ತಕರಾರು. ಹುಡುಗನ ಕಾರಣ ಎರಡು. ಒಂದು, ವೇದಿಕೆಯ ಕತ್ತಲಲ್ಲಿ ಮೆಟ್ಟಿಲು ಕಾಣುವುದಿಲ್ಲ. ಇದು ನಿಜವಾದ ಕಷ್ಟ. ಗಿಟಾರಿನ ಕತ್ತಿನ ಅಂಚಿನಲ್ಲಿ 3, 5, 7, 9, 12ನೆಯ ಮನೆಗಳಿಗೆ ಚುಕ್ಕೆಯಿಟ್ಟಿರುತ್ತಾರೆ. ನುಡಿಸುವವನು ಓರೆಗಣ್ಣಿನಿಂದ ಅದನ್ನು ನೋಡಿಕೊಳ್ಳುತ್ತಾನೆ. ಅಲ್ಲಿ ಚುಕ್ಕೆಯ ಬದಲು ಎಲ್‌ಇಡಿಯನ್ನೇ ಹುದುಗಿಸುವ ಪದ್ಧತಿ ಹೊಸದಲ್ಲ. ಕ್ಯಾಲಿಫೋರ್ನಿಯದ ಅಲೆಂಬಿಕ್ ಕಂಪನಿ 1970ರ ದಶಕದಲ್ಲಿಯೇ ಹಾಗೆ ಮಾಡಿತ್ತು. ಎರಡನೆಯ ಕಾರಣವನ್ನು ಅವನು ತುಸು ಸಂಕೋಚದಿಂದ ಹೇಳಿದ. ಬೇಸ್ ನುಡಿಸುವವನು ಯಾವಾಗಲೂ ಹಿಂದೆ ನಿಲ್ಲುತ್ತಾನೆ. ಅವನನ್ನು ಯಾರೂ ನೋಡುವುದಿಲ್ಲ. ದೀಪವಿದ್ದರೆ ನೋಡಿಯಾರು.

ತಾಯಿಯ ಕಾರಣ ಒಂದೇ. “ಅಪ್ಪ ಮುಟ್ಟಿದ ಮರ. ಅದಕ್ಕೆ ತೂತು ಕೊರೆಯುವುದು ಬೇಡ.” ಕೊರೆದ ತೂತು ಮತ್ತೆ ಕೂಡುವುದಿಲ್ಲವಷ್ಟೆ.

ಇಬ್ಬರೂ ನನ್ನನ್ನು ಪಂಚಾಯಿತಿಗೆ ಕರೆದರು. ವಾದ್ಯವನ್ನು ಮಾರ್ಪಡಿಸುವುದು ಅಪಚಾರವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಮೈಸೂರು ಸೀಮೆಯ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಕಟ್ಟಿ ಏಳು ತಂತಿಯದನ್ನು ಮಾಡಿಕೊಂಡದ್ದು ಏಕೆ? ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕಡೆಯ ಸಾಲಿನವನಿಗೂ ಕೇಳಿಸಲಿ ಎಂದು. ಇಂದು ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವೇ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ನಿಂತಿದೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಗಮಕ ನುಡಿಯುವಂತೆ ಅದನ್ನು ತಿದ್ದಿಕೊಂಡು, ಬ್ಯಾಂಡಿನ ವಾದ್ಯವನ್ನು ಕಚೇರಿಯ ಚಾಪೆಯ ಮೇಲೆ ಕೂರಿಸಿದರು. ಫೆಂಡರನದೂ ಅದೇ ಬಗೆಯ ಕೆಲಸವಲ್ಲವೇ? ಆದರೆ ಇವರೆಲ್ಲ ತಿದ್ದಿದ್ದು ಕೇಳಿಸುವುದಕ್ಕಾಗಿ. ನಮ್ಮ ಹುಡುಗ ತಿದ್ದಹೊರಟದ್ದು ಕಾಣಿಸುವುದಕ್ಕಾಗಿ. ನಾನು ಎಡವಿ ನಿಂತದ್ದು ಇಲ್ಲಿ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಹಾಡೊಂದು ಕಡೆ, ಸೀರಿಯಲ್ ಸೆಟ್ಟಿನ ಓಡುವ ದೀಪಗಳೊಂದು ಕಡೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಶೋಕಗೀತೆಗೂ ಅದೇ ಕುಣಿತ, ಲಾಲಿಗೂ ಅದೇ ಕುಣಿತ. ಅಂಥ ದೀಪ ನನ್ನ ತಮ್ಮನ ವಾದ್ಯದ ಮೇಲೆ ಬೇಡ.

ಆದ್ದರಿಂದ ತೀರ್ಪು ಹೀಗಾಯಿತು: ಮರಕ್ಕೆ ಒಂದು ತೂತೂ ಬೀಳಬಾರದು, ಬೇಡವೆನಿಸಿದ ದಿನ ವಾದ್ಯವನ್ನು ಮೊದಲಿನಂತೆ ಮಾಡಲು ಬರಬೇಕು, ದೀಪ ನಾದವನ್ನು ಕೆಡಿಸಬಾರದು, ಮತ್ತು ಅದು ನಾದ ಹೇಳಿದಂತೆ ಕೇಳಬೇಕು. ಹುಡುಗ ತಲೆ ಕೆರೆದುಕೊಂಡ. “ಇಷ್ಟೆಲ್ಲ ಷರತ್ತು ಹಾಕಿದರೆ ಹೇಗೆ ದೊಡ್ಡಪ್ಪ?” ಎಂದ. ಆದರೆ ಅವನ ಕಣ್ಣು ಹೊಳೆಯಿತು. ಷರತ್ತು ಹೆಚ್ಚಿದಷ್ಟೂ ಹುರುಪು ಹೆಚ್ಚುವ ಜಾತಿಯವನು.

ಮೆಟ್ಟಿಲಿನ ಸಮಸ್ಯೆ ಬೇಗನೆ ಬಗೆಹರಿಯಿತು. ಬೆಳಕು ಕುಡಿದು ಕತ್ತಲಲ್ಲಿ ಹೊಳೆಯುವ ಪುಟ್ಟ ಚುಕ್ಕೆಗಳನ್ನು ಅಂಚಿಗೆ ಅಂಟಿಸಿದ. ಉಗುರಿನಿಂದ ಕಿತ್ತರೆ ಬರುತ್ತವೆ. ದೀಪದ ಜಾಗ ಹುಡುಕುವುದು ಕಷ್ಟವಾಯಿತು. ಈ ಗಿಟಾರಿನ ಎದೆಯ ಮೇಲೆ ಪ್ಲಾಸ್ಟಿಕ್ಕಿನ ಒಂದು ಹಲಗೆಯನ್ನು ಸ್ಕ್ರೂಗಳಿಂದ ಕೂರಿಸಿರುತ್ತಾರೆ. ಅದರ ಕೆಳಗೆ ಗುಂಡಿ, ತಂತಿಗಳಿಗಾಗಿ ಮರದಲ್ಲಿ ಮೊದಲೇ ತೋಡಿದ ಒಂದು ಗುಳಿಯಿದೆ. ಹುಡುಗ ಹಳೆಯ ಹಲಗೆಯನ್ನು ಬಿಚ್ಚಿ, ಅದೇ ಅಳತೆಗೆ ಪಾರದರ್ಶಕವಾದ ಅಕ್ರಿಲಿಕ್ ಹಲಗೆಯೊಂದನ್ನು ಕತ್ತರಿಸಿ, ಹಳೆಯ ಸ್ಕ್ರೂ ಕಂಡಿಗಳಿಗೇ ಬಿಗಿದ. ತೂತು ಕೊರೆದದ್ದು ಆ ಹೊಸ ಹಲಗೆಗೆ. ಒಳಗೆ ಕಡಲೆಕಾಳಿಗಿಂತ ಚಿಕ್ಕ ದೀಪಗಳು ಕುಳಿತವು. ಅಕ್ರಿಲಿಕ್ಕಿನೊಳಗೆ ಪಕ್ಕದಿಂದ ಹೊಕ್ಕ ಬೆಳಕು ಮೇಲಿನ ಕೆಳಗಿನ ಮೈಗಳಿಂದ ಒಳಕ್ಕೇ ಪ್ರತಿಫಲಿಸುತ್ತ ಸಾಗಿ ಅಂಚಿನಲ್ಲಿ ಹೊರಬೀಳುತ್ತದೆ. ಆದ್ದರಿಂದ ಹಲಗೆಯ ನಡುಭಾಗ ತಿಳಿಯಾಗಿಯೇ ಇದ್ದು, ಅಂಚಿನ ಗೆರೆ ಮಾತ್ರ ಕೆಂಡದಂತೆ ಹೊಳೆಯಿತು. ಬ್ಯಾಟರಿ ಇಡಲು ಮರವನ್ನು ತೋಡಬೇಕಾಗುತ್ತಿತ್ತು; ಅದಕ್ಕೆ ಬದಲು ಮೂರು ಪೆನ್ಸಿಲ್ ಸೆಲ್ಲುಗಳ ಪುಟ್ಟ ಡಬ್ಬಿಯನ್ನು ಹೆಗಲಪಟ್ಟಿಗೆ ಹೊಲಿದ. ಹಳೆಯ ಹಲಗೆಯನ್ನು ತಾಯಿ ಸೀರೆಯ ತುಂಡಿನಲ್ಲಿ ಸುತ್ತಿ ತನ್ನ ಬೀರುವಿನೊಳಗೆ ಇಟ್ಟುಕೊಂಡಳು.

ಈ ಎಲ್‌ಇಡಿಯ ಚರಿತ್ರೆಯೂ ಕೇಳತಕ್ಕದ್ದು. ಕಾರ್ಬೊರಂಡಂ ಹರಳಿಗೆ ವಿದ್ಯುತ್ತು ಹರಿಸಿದಾಗ ಬೆಳಕು ಹೊಮ್ಮುವುದನ್ನು 1907ರಲ್ಲಿ ಹೆನ್ರಿ ರೌಂಡ್ ಎಂಬಾತ ಕಂಡಿದ್ದ. ರಷ್ಯದ ಒಲೆಗ್ ಲೊಸೆವ್ 1920ರ ದಶಕದಲ್ಲಿ ಅದನ್ನು ಕ್ರಮವಾಗಿ ಅಭ್ಯಾಸ ಮಾಡಿದ. ಲೋಕ ಅವನನ್ನು ಗಮನಿಸಲಿಲ್ಲ. 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಹಸಿವಿನಿಂದ ಸತ್ತ. ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಮಾಡಿದ್ದು 1962ರಲ್ಲಿ. ಕೆಂಪಿನಿಂದ ಪ್ರಖರವಾದ ನೀಲಿಗೆ ಬರಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಆ ನೀಲಿಯನ್ನು ಸಾಧಿಸಿದ ಜಪಾನಿನ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಬಂದ ಮೇಲೆ ಉಳಿದದ್ದೆಲ್ಲ ಸುಲಭ. ಬಣ್ಣ ಬದಲಿಸುವ ದೀಪವೆಂದರೆ ಒಂದೇ ಗೂಡಿನಲ್ಲಿ ಕೆಂಪು, ಹಸಿರು, ನೀಲಿ ಮೂರು ದೀಪಗಳು. ಒಂದೊಂದನ್ನು ಹೆಚ್ಚುಕಡಿಮೆ ಮಾಡಿದರೆ ಬೇಕಾದ ಬಣ್ಣ. ಮೂರೂ ಹದವಾಗಿ ಕೂಡಿದರೆ ಬಿಳಿ. ಹುಡುಗ ಮೊದಲ ಸಲ ಮೂರನ್ನೂ ಒಟ್ಟಿಗೆ ಹೊತ್ತಿಸಿ ತೋರಿಸಿದಾಗ ನನಗೆ ಕೇಶಿರಾಜನ ನೆನಪಾಯಿತು. ಆದರೆ ಆ ಬಿಳಿಗೆ ನೀಲಿಯ ಛಾಯೆ ಹೆಚ್ಚಾಗಿತ್ತು, ಧವಳವೆನ್ನಲು ಮನಸ್ಸು ಬರಲಿಲ್ಲ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು ನೀಲಿಗಳಿಗೆ ಸುಮಾರು 3 ಬೇಕು. ಸೆಲ್ಲುಗಳು ಕೊಡುವುದು ನಾಲ್ಕೂವರೆ. ಹೆಚ್ಚಾದದ್ದನ್ನು ತಡೆಯಲು ಒಂದೊಂದಕ್ಕೂ ರೆಸಿಸ್ಟರ್ ಕಟ್ಟಬೇಕು: 20 ಮಿಲಿಆಂಪಿಯರ್ ಹರಿಯಬೇಕಾದರೆ ಕೆಂಪಿಗೆ ಸುಮಾರು 125 ಓಮ್, ಉಳಿದೆರಡಕ್ಕೆ ಸುಮಾರು 75. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಬಹು ಅಗ್ಗವಾಗಿ ಸಿಗುತ್ತವೆ.

ದೀಪ ಹತ್ತಿತು. ಬಣ್ಣ ಬದಲಾಯಿತು. ಆದರೆ ಆಂಪ್ಲಿಫೈಯರನ್ನು ಹಾಕಿದೊಡನೆ ತೆಳ್ಳಗೆ ಒಂದು ದನಿ ಹೊರಟಿತು. “ಏನೋ ಇದು, ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ” ಎಂದಳು ತಾಯಿ. ಹೋಲಿಕೆ ಬಹಳ ಸರಿಯಾಗಿತ್ತು. ದೀಪವನ್ನು ಮಂದ ಮಾಡುವ ವಿಧಾನವೇ ಅದನ್ನು ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುವುದು. ಆರಿಸಿದ ಕಾಲ ಹೆಚ್ಚಾದಷ್ಟೂ ಮಂದ. ಕಣ್ಣಿಗೆ ಅದು ಒಂದೇ ಸಮನಾದ ಬೆಳಕಾಗಿ ತೋರುತ್ತದೆ. ಹುಡುಗ ಬಳಸಿದ ಮೈಕ್ರೊಕಂಟ್ರೋಲರು ಸೆಕೆಂಡಿಗೆ ಸುಮಾರು 490 ಸಲ ಹೀಗೆ ಮಾಡುತ್ತಿತ್ತು. ಸೊಳ್ಳೆಯ ರೆಕ್ಕೆಯೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಬಡಿಯುತ್ತದೆ. ಕಣ್ಣು ಮೋಸಹೋದರೂ ಪಕ್ಕದಲ್ಲಿದ್ದ ಪಿಕಪ್ ಮೋಸಹೋಗಲಿಲ್ಲ. ಅದು ತಂತಿಯ ಅದುರನ್ನು ಹಿಡಿದಂತೆ ವಿದ್ಯುತ್ತಿನ ಅದುರನ್ನೂ ಹಿಡಿದುಕೊಂಡಿತು. 1957ರಲ್ಲಿ ಫೆಂಡರ್ ಕಂಪನಿ ಪಿಕಪ್ಪನ್ನು ಇಬ್ಭಾಗ ಮಾಡಿ, ಎರಡರ ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿರಿಸಿ, ಹೊರಗಿನ ಗದ್ದಲ ತನ್ನಷ್ಟಕ್ಕೆ ಅಳಿಯುವಂತೆ ಮಾಡಿತ್ತು. ದೂರದ ಗದ್ದಲ ಎರಡು ಭಾಗಗಳಿಗೂ ಸಮನಾಗಿ ತಾಗುವುದರಿಂದ ಅದು ಅಳಿಯುತ್ತದೆ. ಊರಿನ ಗಲಾಟೆಗಾದರೆ ಕದ ಮುಚ್ಚಬಹುದು. ಸೊಳ್ಳೆಪರದೆಯ ಒಳಗೇ ಸೇರಿದ ಸೊಳ್ಳೆಗೆ ಏನು ಮಾಡುವುದು?

ಅದರ ಪರಿಹಾರಕ್ಕೆ ಹುಡುಗನಿಗೆ ಎರಡು ವಾರ ಹಿಡಿಯಿತು. ದೀಪಕ್ಕೆ ಹೋಗುವ ತಂತಿಯನ್ನೂ ಹಿಂದಿರುಗುವ ತಂತಿಯನ್ನೂ ಜಡೆ ಹೆಣೆದಂತೆ ಒಂದಕ್ಕೊಂದು ಹುರಿಗೊಳಿಸಿದ. ಹೋಗುವ ವಿದ್ಯುತ್ತು ಒಂದು ಕಡೆಗೆ ಎಳೆದರೆ ಬರುವ ವಿದ್ಯುತ್ತು ಇನ್ನೊಂದು ಕಡೆಗೆ ಎಳೆದು ಸೆಳೆತ ಅಳಿಯುತ್ತದೆ. ಗುಳಿಯ ಒಳಮೈಗೆ ತಾಮ್ರದ ತಗಡಿನ ಹಾಳೆ ಅಂಟಿಸಿದ. ಕೊನೆಗೆ ದೀಪದ ಮಿಟುಕನ್ನು ಸೆಕೆಂಡಿಗೆ 20,000ಕ್ಕಿಂತ ಮೇಲೇರಿಸಿದ. ಸದ್ದು ಇಲ್ಲವಾಯಿತೆಂದಲ್ಲ, ಮನುಷ್ಯನ ಕಿವಿ ಮುಟ್ಟದ ಎತ್ತರಕ್ಕೆ ಹೋಯಿತು. ನಾನು ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿ, ಮೂರನೆಯ ಷರತ್ತು ಪೂರೈಸಿತೆಂದು ಒಪ್ಪಿಗೆ ಕೊಟ್ಟೆ. ನನ್ನ ವಯಸ್ಸಿನ ಕಿವಿಯ ಒಪ್ಪಿಗೆ ಸಾಲದೆಂದು ಅವನು ಪಕ್ಕದ ಮನೆಯ ಎಂಟು ವರ್ಷದ ಹುಡುಗಿಯನ್ನೂ ಕರೆತಂದು ಕೇಳಿಸಿದ.

ನಾಲ್ಕನೆಯ ಷರತ್ತು ಉಳಿದಿತ್ತು. ದೀಪ ನಾದದ ಮಾತು ಕೇಳಬೇಕು. ಪಿಕಪ್ಪಿನ ಸಂಕೇತವನ್ನೇ ಕದ್ದರೆ ಧ್ವನಿ ಕೆಟ್ಟೀತೆಂದು ಅವನು ಅದನ್ನು ಮುಟ್ಟಲಿಲ್ಲ. ಸದ್ದುಮಾಡುವ ಆಟಿಕೆಗಳಲ್ಲಿರುವಂಥ, ಒತ್ತಡಕ್ಕೆ ವಿದ್ಯುತ್ತು ಹುಟ್ಟಿಸುವ ತೆಳ್ಳನೆಯ ಬಿಲ್ಲೆಯೊಂದನ್ನು ಹಲಗೆಯ ಅಡಿಗೆ ಅಂಟಿಸಿದ. ಅದು ಮರದ ಕಂಪನವನ್ನು ಕೇಳಿ ಮೈಕ್ರೊಕಂಟ್ರೋಲರಿಗೆ ಹೇಳುತ್ತದೆ. ಬಲವಾಗಿ ಮೀಟಿದರೆ ಬೆಳಕು ಬಲ. ನಾದ ಇಳಿದಂತೆ ಬೆಳಕೂ ಇಳಿಯುತ್ತದೆ. ಇಷ್ಟು ಆದಮೇಲೆ ಹುಡುಗ ನನ್ನ ಮುಂದೆ ಕಾಗದ ಪೆನ್ಸಿಲು ಹಿಡಿದು ಕುಳಿತ. “ಯಾವ ಸ್ವರಕ್ಕೆ ಯಾವ ಬಣ್ಣ ದೊಡ್ಡಪ್ಪ?”

ಈ ಪ್ರಶ್ನೆಗೆ ಯುರೋಪು ಮುನ್ನೂರು ವರ್ಷ ತಲೆ ಕೆಡಿಸಿಕೊಂಡಿದೆ. ನ್ಯೂಟನ್ 1704ರ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಏಳು ಬಣ್ಣಗಳನ್ನು ಸಪ್ತಸ್ವರಗಳ ಅಂತರಗಳಿಗೆ ಹೊಂದಿಸಿ ನೋಡಿದ. ಪ್ಯಾರಿಸ್ಸಿನ ಪಾದ್ರಿ ಕಾಸ್ತೆಲ್ 1725ರಲ್ಲಿ ಬಣ್ಣ ನುಡಿಸುವ ಹಾರ್ಪ್ಸಿಕಾರ್ಡಿನ ಕನಸು ಕಟ್ಟಿದ. ರಷ್ಯದ ಸ್ಕ್ರಿಯಾಬಿನ್ 1910ರಲ್ಲಿ ಮುಗಿಸಿದ ‘ಪ್ರಮೀಥಿಯಸ್’ ಕೃತಿಯಲ್ಲಿ ಬೆಳಕಿಗೇ ಒಂದು ಪ್ರತ್ಯೇಕ ಸ್ವರಸಾಲು ಬರೆದಿಟ್ಟ. 1911ರಲ್ಲಿ ಮಾಸ್ಕೋದಲ್ಲಿ ಅದನ್ನು ಬೆಳಕಿಲ್ಲದೆಯೇ ನುಡಿಸಿದರು. ಬೆಳಕಿನೊಡನೆ ನುಡಿದದ್ದು 1915ರಲ್ಲಿ, ನ್ಯೂಯಾರ್ಕಿನಲ್ಲಿ. ಸ್ಕ್ರಿಯಾಬಿನ್ನನಿಗೂ ಅವನ ಹಿರಿಯ ಸಮಕಾಲೀನ ರಿಮ್ಸ್ಕಿ-ಕೊರ್ಸಕೊವನಿಗೂ ಸ್ವರಗಳು ಬಣ್ಣವಾಗಿ ತೋರುತ್ತಿದ್ದುವಂತೆ, ಆದರೆ ಒಬ್ಬನ ಬಣ್ಣ ಇನ್ನೊಬ್ಬನಿಗೆ ಬಹುಮಟ್ಟಿಗೆ ಒಪ್ಪಿಗೆಯಿಲ್ಲ. ಈ ಜಗಳ ತೀರುವಂಥದಲ್ಲ.

ನಮ್ಮಲ್ಲಿ ಜಗಳವಿಲ್ಲದೆ ಪಟ್ಟಿ ಸಿದ್ಧವಿದೆ. ನಾರದೀಯ ಶಿಕ್ಷೆಯೂ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ವೂ ಹೇಳುವಂತೆ ಷಡ್ಜ ತಾವರೆಯ ಬಣ್ಣ, ಋಷಭ ಪಿಂಜರ, ನಾರದ ಅದನ್ನು ಗಿಳಿಯೊಡನೆ ಹೇಳುತ್ತಾನೆ, ಗಾಂಧಾರ ಚಿನ್ನ, ಮಧ್ಯಮ ಕುಂದಪುಷ್ಪದ ಬಿಳಿ, ಪಂಚಮ ಕಪ್ಪು, ಧೈವತ ಹಳದಿ, ನಿಷಾದಕ್ಕೆ ಎಲ್ಲ ಬಣ್ಣಗಳೂ. ನಾನು ಓದಿ ಹೇಳುತ್ತ ಹೋದೆ, ಅವನು ಬರೆದುಕೊಳ್ಳುತ್ತ ಬಂದ. ನಿಷಾದಕ್ಕೆ ಬಂದಾಗ ಇಬ್ಬರಿಗೂ ನಗು ಬಂತು: ಬಣ್ಣ ಬದಲಿಸುವ ದೀಪಕ್ಕೆ ಶಾಸ್ತ್ರದಲ್ಲಿ ಒಂದೇ ಒಂದು ಸ್ವರದ ಅಪ್ಪಣೆಯಿದೆ. ಉಳಿದ ಆರರಲ್ಲಿ ಅದು ಬಣ್ಣ ಬದಲಿಸದೆ ಸುಮ್ಮನಿರಬೇಕು.

“ಪಂಚಮ ಕಪ್ಪು ಅಂದರೆ ದೀಪ ಏನು ಮಾಡಬೇಕು?” ಎಂದ ಹುಡುಗ. ಕಪ್ಪು ಬೆಳಕನ್ನು ಕೊಡುವ ಎಲ್‌ಇಡಿಯನ್ನು ಯಾವ ನೊಬೆಲ್ ಪಂಡಿತನೂ ಮಾಡಿಲ್ಲ. ಆರಬೇಕು ಎಂದೆ. ಹಾಗಾದರೆ ತೊಂದರೆಯೇ ಎಂದ ಅವನು. ಬೇಸ್ ಗಿಟಾರಿನಲ್ಲಿ ಆಧಾರಸ್ವರ ಬಿಟ್ಟರೆ ಅತಿ ಹೆಚ್ಚು ಬರುವುದೇ ಪಂಚಮ. ಎಷ್ಟೋ ಹಾಡುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಷಡ್ಜ-ಪಂಚಮ, ಷಡ್ಜ-ಪಂಚಮ. ಅರ್ಧ ಹಾಡು ಕತ್ತಲಲ್ಲಿಯೇ ಹೋಗುತ್ತದೆ. ಹೋಗಲಿ ಎಂದೆ. ನಮ್ಮ ಷಡ್ಜ ಗಾಯಕನಿಂದ ಗಾಯಕನಿಗೆ ಬದಲಾಗುವುದು; ಅವರ ಸ್ವರಗಳು ನೆಲೆಯೂರಿದಂಥವು. ಆದ್ದರಿಂದ ಪ್ರತಿ ಹಾಡಿಗೂ ಮುಂಚೆ ಯಾವುದು ಷಡ್ಜವೆಂದು ದೀಪಕ್ಕೆ ತಿಳಿಸಲು ಒಂದು ಗುಂಡಿಯನ್ನೂ ಅವನು ಇಟ್ಟ. ಇನ್ನೊಂದು ವಿಷಯ. 41 ಕಂಪನದ ನಾದ ಒಂದು ಸುತ್ತು ಮುಗಿಸುವುದಕ್ಕೇ ಸೆಕೆಂಡಿನ ಸುಮಾರು ನಲವತ್ತನೆಯ ಒಂದು ಭಾಗ ಬೇಕು. ಸ್ವರ ಯಾವುದೆಂದು ಯಂತ್ರ ಎಣಿಸುವಷ್ಟರಲ್ಲಿ ನಾದ ಕಿವಿ ಮುಟ್ಟಿರುತ್ತದೆ. ಬೆಳಕಿನ ಬಲ ತಕ್ಷಣ ಬರುತ್ತದೆ, ಬಣ್ಣ ಒಂದು ಗುಟುಕು ತಡವಾಗಿ ಬರುತ್ತದೆ. ಮಂದ್ರಕ್ಕೆ ಇಳಿದಷ್ಟೂ ತಡ. ಇದನ್ನು ತಿದ್ದಲು ಬರುವುದಿಲ್ಲವೆಂದು ಹುಡುಗ ಬೇಸರಪಟ್ಟ. ನನಗೆ ಅದು ಬೇಸರವೆನಿಸಲಿಲ್ಲ.

ಕಳೆದ ಯುಗಾದಿಯ ಸಂಜೆ ಅವನು ತಂದೆಯ ಕ್ಯಾಸೆಟ್ಟನ್ನು ಹಾಕಿದ, ಅಡುಗೆಮನೆಯ ಅದೇ ಟೇಪ್ ರೆಕಾರ್ಡರಿನಲ್ಲಿ. ತಂದೆ ನುಡಿಸಿದ್ದನ್ನು ಹೆಡ್‌ಫೋನ್ ಹಚ್ಚಿ ಹಲವು ದಿನ ಕೇಳಿ ಕಲಿತಿದ್ದ. ಕೋಣೆಯ ದೀಪ ಆರಿಸಿ, ಅದರ ಜೊತೆಗೇ ನುಡಿಸಿದ. ಆಂಪ್ಲಿಫೈಯರು ಬಹಳ ಸಣ್ಣಗಿತ್ತು. ಹಾಡು, ಡ್ರಮ್ಮು, ಗಿಟಾರುಗಳ ನಡುವೆ ಎಂದಿನಂತೆ ಏನೂ ಬೇರೆಯಾಗಿ ಕೇಳಿಸಲಿಲ್ಲ. ಆದರೆ ಕತ್ತಲಲ್ಲಿ ಹಲಗೆಯ ಅಂಚು ತಾವರೆಯ ಬಣ್ಣಕ್ಕೆ ತಿರುಗಿ, ಆರಿ, ಮತ್ತೆ ಹೊತ್ತಿ, ಒಮ್ಮೆ ಚಿನ್ನವಾಗಿ, ಮತ್ತೆ ಆರಿತು. ತಮ್ಮನ ಹೆಂಡತಿ ಬಾಗಿಲ ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳುಗಳು ಬಾಗಿಲ ಚೌಕಟ್ಟಿನ ಮೇಲೆ ಆ ಹೊತ್ತುವುದಕ್ಕೂ ಆರುವುದಕ್ಕೂ ಸರಿಯಾಗಿ ತಟ್ಟತೊಡಗಿದವು. ಆಮೇಲೆ, ದೀಪವನ್ನು ನೋಡುವುದು ಬಿಟ್ಟು, ತಲೆ ಬಾಗಿಸಿ ಟೇಪ್ ರೆಕಾರ್ಡರಿನ ಕಡೆಗೆ ಕಿವಿಗೊಟ್ಟಳು.

ಹಾಡು ಮುಗಿದಾಗ ಅವಳು ಕೇಳಿದ್ದು ಒಂದೇ ಮಾತು. “ದೀಪ ಆರಿದಾಗಲೂ ಅವರು ಬಾರಿಸುತ್ತಿದ್ದರೇನೋ?”

“ಹೌದಮ್ಮ. ಅದು ಪಂಚಮ.”

“ಹಾಗಾದರೆ ಇನ್ನೊಂದು ಸಲ ಹಾಕು” ಎಂದಳು.

ವೇದಿಕೆಯ ಮೇಲೆ ದೀಪ ಇಷ್ಟು ಹೊತ್ತು ಆರಿರುವುದು ಚೆನ್ನಲ್ಲವೆಂದು ಹುಡುಗನ ಗೆಳೆಯರ ಅಭಿಪ್ರಾಯ. ಪಂಚಮಕ್ಕೆ ತೀರ ಮಂದವಾದ ನೀಲಿಯನ್ನಾದರೂ ಕೊಡಬಹುದೇ ಎಂದು ಅವನು ಮೊನ್ನೆ ನನ್ನನ್ನು ಕೇಳಿದ. ಶಾಸ್ತ್ರದ ಅಡ್ಡಿಯಿಲ್ಲವೆಂದೆ, ಅಮರಕೋಶದಲ್ಲಿ ಕೃಷ್ಣ, ನೀಲ, ಅಸಿತ, ಶ್ಯಾಮಗಳೆಲ್ಲ ಒಂದೇ ಗುಂಪಿನ ಪರ್ಯಾಯಪದಗಳು. ಕಾಲೇಜಿಗೆ ಹೋಗುವಾಗ ಈಗ ಅವನು ನೀಲಿಯನ್ನು ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ನುಡಿಸುವಾಗ ಮಾತ್ರ ಅವನ ತಾಯಿ ಅದನ್ನು ತೆಗೆಸುತ್ತಾಳೆ.